ಇಳಿಯದೆ ಮೇಲೇರಿದ ಪೈಲಟ್‌ಗೂ ಒಂದು ಚಪ್ಪಾಳೆ

ಮಕ್ಕಳೇ, ಆಷಾಢದ ಗಾಳಿ ಬೀಸುವಾಗ ಕಾಗೆಯೊಂದು ಹಂಚಿನ ಮಾಡಿನ ಮೇಲೆ ಬಂದು ಕೂರುವುದನ್ನು ಗಮನಿಸಿದ್ದೀರಾ? ಅದು ಯಾವ ಕಡೆಯಿಂದ ಹಾರಿ ಬಂದಿದ್ದರೂ ಕೂರುವ ಮೊದಲು ಹೊರಳಿ ಗಾಳಿಗೆ ಮುಖ ಮಾಡುತ್ತದೆ. ಆಮೇಲೆ ಕಾಲು ಚಾಚಿ ಮೆಲ್ಲನೆ ಇಳಿಯುತ್ತದೆ. ಗದ್ದೆಯ ಬದುವಿನ ಮೇಲೆ ಇಳಿಯುವ ಬೆಳ್ಳಕ್ಕಿಯೂ ಹೀಗೆಯೇ ಮಾಡುತ್ತದೆ. ಒಮ್ಮೊಮ್ಮೆ ಇಳಿಯಲು ಬಂದ ಹಕ್ಕಿಯನ್ನು ಗಾಳಿ ಪಕ್ಕಕ್ಕೆ ತಳ್ಳಿಬಿಡುತ್ತದೆ. ಆಗ ಅದು ಹಟ ಹಿಡಿಯುವುದಿಲ್ಲ. ರೆಕ್ಕೆ ಬಡಿದು ಮತ್ತೆ ಮೇಲೇಳುತ್ತದೆ, ಇನ್ನೊಂದು ಸುತ್ತು ಬರುತ್ತದೆ. ಅದನ್ನು ಕಂಡು ‘ಈ ಕಾಗೆಗೆ ಇಳಿಯಲು ಬರುವುದಿಲ್ಲ’ ಎಂದು ಯಾರೂ ನಗುವುದಿಲ್ಲ.

ವಿಮಾನದ ವಿಷಯಕ್ಕೆ ಬಂದಾಗ ಮಾತ್ರ ನಮ್ಮ ಮಾತು ಬದಲಾಗುತ್ತದೆ. ಗಾಳಿಯಲ್ಲಿ ಓಲಾಡುತ್ತ ಬಂದು ಕೊನೆಗೆ ಧಡಕ್ಕನೆ ನೆಲಕ್ಕಿಳಿದ ವಿಮಾನದ ವಿಡಿಯೋ ನೋಡಿದರೆ ‘ಎಂಥ ಧೈರ್ಯ!’ ಎನ್ನುತ್ತೇವೆ. ಇಳಿಯಲು ಬಂದ ವಿಮಾನ ಇಳಿಯದೆ ಮತ್ತೆ ಮೇಲೇರಿದರೆ ‘ಏನೋ ಎಡವಟ್ಟಾಯಿತು’ ಎನ್ನುತ್ತೇವೆ. ಈ ಎರಡು ಮಾತುಗಳೂ ಅದಲುಬದಲಾಗಬೇಕು ಎಂಬುದು ನನ್ನ ಅಭಿಪ್ರಾಯ. ಏಕೆಂದು ತಿಳಿಯಲು, ಗಾಳಿ ವಿಮಾನಕ್ಕೆ ಏನು ಮಾಡುತ್ತದೆ ಎಂಬುದನ್ನು ಮೊದಲು ನೋಡೋಣ. ಅದರಲ್ಲೂ ಇಬ್ಬರು, ನಾಲ್ವರು ಕೂರುವ ಸಣ್ಣ ವಿಮಾನಗಳಿಗೆ ಏನು ಮಾಡುತ್ತದೆ ಎಂಬುದನ್ನು.

ಎದುರುಗಾಳಿಯ ಉಪಕಾರ

ವಿಮಾನವನ್ನು ಎತ್ತಿ ಹಿಡಿಯುವುದು ಅದರ ರೆಕ್ಕೆಗಳ ಸುತ್ತ ಹರಿಯುವ ಗಾಳಿ. ನೆಲದ ಮೇಲೆ ವಿಮಾನ ಎಷ್ಟು ವೇಗದಲ್ಲಿ ಓಡುತ್ತಿದೆ ಎಂಬುದು ರೆಕ್ಕೆಗೆ ಬೇಕಿಲ್ಲ. ಎದುರಿನಿಂದ ಎಷ್ಟು ವೇಗದಲ್ಲಿ ಗಾಳಿ ಬರುತ್ತಿದೆ ಎಂಬುದಷ್ಟೇ ಅದಕ್ಕೆ ಬೇಕು. ಹಾಗಾಗಿ ಎದುರುಗಾಳಿ ಇದ್ದರೆ ವಿಮಾನ ನೆಲದ ಮೇಲೆ ಕಡಿಮೆ ವೇಗದಲ್ಲಿ ಓಡಿದರೂ ಸಾಕು, ಮೇಲೇರಬಹುದು. ಇಳಿಯುವಾಗಲೂ ಅಷ್ಟೇ. ನಿಧಾನವಾಗಿ ನೆಲ ಮುಟ್ಟಬಹುದು, ಬೇಗ ನಿಲ್ಲಬಹುದು.

ರೈಟ್ ಸಹೋದರರು ಇದನ್ನು ಚೆನ್ನಾಗಿ ಅರಿತಿದ್ದರು. 1903ರ ಡಿಸೆಂಬರ್ 17ರಂದು ಅಮೆರಿಕದ ಕಿಟಿ ಹಾಕ್ ಎಂಬಲ್ಲಿ ಅವರ ವಿಮಾನ ಮೊದಲ ಬಾರಿ ಹಾರಿತು. ಅಂದು ಗಂಟೆಗೆ 30 ಕಿ.ಮೀ.ಗೂ ಹೆಚ್ಚು ವೇಗದ ಚಳಿಗಾಳಿ ಬೀಸುತ್ತಿತ್ತು. ಅವರು ವಿಮಾನವನ್ನು ನೇರವಾಗಿ ಆ ಗಾಳಿಗೆ ಎದುರಾಗಿ ನಿಲ್ಲಿಸಿ ಹಾರಿಸಿದರು. ಮೊದಲ ಹಾರಾಟ 12 ಸೆಕೆಂಡುಗಳಲ್ಲಿ 120 ಅಡಿ. ಅಂದರೆ ಸೆಕೆಂಡಿಗೆ 10 ಅಡಿ, ಗಂಟೆಗೆ ಸುಮಾರು 11 ಕಿ.ಮೀ.! ನಿಮ್ಮಲ್ಲಿ ಚೆನ್ನಾಗಿ ಓಡುವವರು ಅದನ್ನು ಹಿಂದೆ ಹಾಕಬಹುದಿತ್ತು. ನಿಜಕ್ಕೂ ವಿಲ್ಬರ್ ಅದರ ಪಕ್ಕದಲ್ಲೇ ಓಡಿದರು.

ಆದರೆ ಅದೇ ದಿನ ಅದೇ ಗಾಳಿ ಇನ್ನೊಂದು ಮುಖವನ್ನೂ ತೋರಿಸಿತು. ನಾಲ್ಕನೆಯ ಹಾರಾಟ ಮುಗಿದು ವಿಮಾನ ನೆಲದ ಮೇಲೆ ನಿಂತಿದ್ದಾಗ ಒಂದು ಬಿರುಗಾಳಿ ನುಗ್ಗಿ ಬಂದು ಅದನ್ನು ಎತ್ತಿ ಉರುಳಿಸಿತು. ಹಿಡಿದುಕೊಳ್ಳಲು ಹೋದ ವ್ಯಕ್ತಿಯೂ ಅದರೊಂದಿಗೆ ಉರುಳಿದರು. ವಿಮಾನ ಮುರಿಯಿತು. ಆ ವಿಮಾನ ಮತ್ತೆಂದೂ ಹಾರಲಿಲ್ಲ. ಆಕಾಶದಲ್ಲಿ ಎತ್ತಿ ಹಿಡಿದ ಗಾಳಿಯೇ ನೆಲದ ಮೇಲೆ ಕೆಡವಿತು, ನೋಡಿ.

ರನ್‌ವೇ ತಿರುಗುವುದಿಲ್ಲ

ಆರಂಭದ ದಿನಗಳಲ್ಲಿ ವಿಮಾನ ಇಳಿಯುವ ಜಾಗವೆಂದರೆ ದೊಡ್ಡದೊಂದು ಹುಲ್ಲುಗಾವಲು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಆ ಕಡೆಗೆ ಮುಖ ಮಾಡಿ ಇಳಿದರೆ ಆಯಿತು. ನಮ್ಮ ಕಾಗೆಯಂತೆ. ಆಮೇಲೆ ವಿಮಾನಗಳು ಭಾರವಾದವು. ಮಳೆ ಬಂದರೆ ಚಕ್ರ ಹೂತುಹೋಗತೊಡಗಿತು. ಆಗ ಡಾಂಬರಿನ, ಕಾಂಕ್ರೀಟಿನ ರನ್‌ವೇಗಳು ಬಂದವು. ಓಡುದಾರಿ ಗಟ್ಟಿಯಾಯಿತು, ಆದರೆ ಅದರ ದಿಕ್ಕೂ ಗಟ್ಟಿಯಾಗಿ ಕೂತುಬಿಟ್ಟಿತು! ಗಾಳಿಯೋ, ದಿನಕ್ಕೊಂದು ಕಡೆಯಿಂದ ಬೀಸುತ್ತದೆ. ಪಕ್ಕದಿಂದ ಬೀಸಿದರೆ ಅದೇ ಅಡ್ಡಗಾಳಿ.

ಹಾಗೆಂದು ರನ್‌ವೇಯನ್ನು ಮನಬಂದ ಕಡೆಗೆ ಹಾಕುವುದಿಲ್ಲ. ಆ ಊರಿನಲ್ಲಿ ವರ್ಷವಿಡೀ ಗಾಳಿ ಹೆಚ್ಚಾಗಿ ಯಾವ ದಿಕ್ಕಿನಿಂದ ಬೀಸುತ್ತದೆ ಎಂದು ಅಳೆದು, ಆ ದಿಕ್ಕಿಗೇ ಹಾಕುತ್ತಾರೆ. ಬೆಂಗಳೂರನ್ನೇ ನೋಡಿ. ಹಳೆಯ ಎಚ್‌ಎಎಲ್ ನಿಲ್ದಾಣ, 2008ರಲ್ಲಿ ತೆರೆದ ದೇವನಹಳ್ಳಿಯ ನಿಲ್ದಾಣ, ಸಣ್ಣ ವಿಮಾನಗಳ ಜಕ್ಕೂರು, ಈ ಮೂರು ಕಡೆಯೂ ರನ್‌ವೇಗಳು ಹೆಚ್ಚುಕಡಿಮೆ ಪೂರ್ವ ಪಶ್ಚಿಮವಾಗಿವೆ. ಏಕೆಂದರೆ ಮುಂಗಾರಿನಲ್ಲಿ ಅಲ್ಲಿ ಗಾಳಿ ಪಶ್ಚಿಮದ ಕಡೆಯಿಂದ ಬೀಸುತ್ತದೆ, ಚಳಿಗಾಲದಲ್ಲಿ ಪೂರ್ವದ ಕಡೆಯಿಂದ. ಒಂದೇ ರನ್‌ವೇ, ಮಳೆಗಾಲದಲ್ಲಿ ಒಂದು ತುದಿಯಿಂದ ಇಳಿದರೆ ಚಳಿಗಾಲದಲ್ಲಿ ಇನ್ನೊಂದು ತುದಿಯಿಂದ.

ರನ್‌ವೇಯ ತುದಿಯಲ್ಲಿ ದೊಡ್ಡದಾಗಿ ಬರೆದ ಅಂಕೆಯೂ ದಿಕ್ಕನ್ನೇ ಹೇಳುತ್ತದೆ. ಉತ್ತರದಿಂದ ಬಲಕ್ಕೆ ಎಣಿಸಿದರೆ ಪೂರ್ವ 90 ಡಿಗ್ರಿ. ಕೊನೆಯ ಸೊನ್ನೆ ಬಿಟ್ಟರೆ 09. ಪಶ್ಚಿಮ 270 ಡಿಗ್ರಿ, ಅಂದರೆ 27. ದೇವನಹಳ್ಳಿಯ ರನ್‌ವೇಗಳ ಅಂಕೆ ಇವೇ.

ಇನ್ನೊಂದು ಮಾತು. ರನ್‌ವೇಯ ದಿಕ್ಕನ್ನು ಆರಿಸಲು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಒಂದು ಸೂತ್ರವಿದೆ. 100ರಲ್ಲಿ 95 ಪಾಲು ಹೊತ್ತಾದರೂ ಅಡ್ಡಗಾಳಿ ಒಂದು ಮಿತಿಯ ಒಳಗೆ ಇರುವಂತೆ ನೋಡಿಕೊಳ್ಳಬೇಕು ಎನ್ನುತ್ತದೆ ಅದು. ಉದ್ದನೆಯ ರನ್‌ವೇ ಬೇಕಾದ ದೊಡ್ಡ ವಿಮಾನಗಳಿಗೆ ಈ ಮಿತಿ ಗಂಟೆಗೆ 37 ಕಿ.ಮೀ. ಚಿಕ್ಕ ರನ್‌ವೇಯಲ್ಲಿ ಇಳಿಯುವ ಸಣ್ಣ ವಿಮಾನಗಳಿಗೆ 19 ಕಿ.ಮೀ. ಮಾತ್ರ. ಈ ಲೆಕ್ಕವನ್ನು ತಿರುಗಿಸಿ ಓದಿ. ಉಳಿದ 5 ಪಾಲು ಹೊತ್ತಿನಲ್ಲಿ ಅಡ್ಡಗಾಳಿ ಮಿತಿ ಮೀರಬಹುದು ಎಂದು ರನ್‌ವೇ ಕಟ್ಟಿದವರೇ ಒಪ್ಪಿಕೊಂಡ ಹಾಗಾಯಿತು. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಏಡಿ ನಡಿಗೆ

ತುಂಬಿದ ಹೊಳೆಯಲ್ಲಿ ದೋಣಿ ನಡೆಸುವ ಅಂಬಿಗ ಎದುರು ದಡದ ಕಟ್ಟೆಗೆ ಹೋಗಬೇಕಾದರೆ ನೇರವಾಗಿ ಕಟ್ಟೆಯ ಕಡೆ ದೋಣಿ ತಿರುಗಿಸುವುದಿಲ್ಲ. ಹಾಗೆ ಮಾಡಿದರೆ ನೀರಿನ ಸೆಳವು ಅವನನ್ನು ಕೆಳಗೆ ಎಲ್ಲೋ ಮುಟ್ಟಿಸುತ್ತದೆ. ಅವನು ದೋಣಿಯ ಮೂತಿಯನ್ನು ಸ್ವಲ್ಪ ಮೇಲ್ದಿಕ್ಕಿಗೆ ತಿರುಗಿಸಿ ಹುಟ್ಟು ಹಾಕುತ್ತಾನೆ. ದೋಣಿಯ ಮುಖ ಒಂದು ಕಡೆ, ಹೋಗುವ ದಾರಿ ಇನ್ನೊಂದು ಕಡೆ.

ಗಾಳಿಯೂ ಒಂದು ಹೊಳೆಯೇ. ಪೈಲಟ್ ಸಹ ಅಂಬಿಗನಂತೆಯೇ ಮಾಡುತ್ತಾರೆ. ಬಲದಿಂದ ಗಾಳಿ ಬೀಸುತ್ತಿದ್ದರೆ ವಿಮಾನದ ಮೂತಿಯನ್ನು ಸ್ವಲ್ಪ ಬಲಕ್ಕೆ ತಿರುಗಿಸಿ, ರನ್‌ವೇಯ ಕಡೆ ಓರೆಯಾಗಿ ಸಾಗುತ್ತಾರೆ. ಗದ್ದೆಯಲ್ಲಿ ಏಡಿ ಪಕ್ಕಕ್ಕೆ ನಡೆಯುವುದನ್ನು ನೋಡಿದ್ದೀರಲ್ಲ? ಪೈಲಟ್‌ಗಳೂ ಇದಕ್ಕೆ ಏಡಿಯ ಹೆಸರನ್ನೇ ಇಟ್ಟಿದ್ದಾರೆ.

ಎಷ್ಟು ಓರೆ? ಒಂದು ಲೆಕ್ಕ ಹಾಕೋಣ. ಸೆಸ್ನಾ 172 ಎಂಬುದು ನಾಲ್ಕು ಜನ ಕೂರುವ ವಿಮಾನ. ಜಗತ್ತಿನಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ವಿಮಾನ ಅದೇ. ಹಾರಾಟ ಕಲಿಯುವವರಲ್ಲಿ ಬಹಳ ಮಂದಿ ಅದರಲ್ಲೇ ಕಲಿಯುತ್ತಾರೆ. ಅದು ಗಂಟೆಗೆ ಸುಮಾರು 120 ಕಿ.ಮೀ. ವೇಗದಲ್ಲಿ ಇಳಿಯಲು ಬರುತ್ತದೆ. ಗಂಟೆಗೆ 28 ಕಿ.ಮೀ. ಅಡ್ಡಗಾಳಿ ಇದ್ದರೆ ಮೂತಿಯನ್ನು ಸುಮಾರು 13 ಡಿಗ್ರಿ ತಿರುಗಿಸಬೇಕು. ಗಡಿಯಾರದ ಮುಳ್ಳು ಎರಡು ನಿಮಿಷಕ್ಕೆ ಸರಿಯುವುದಕ್ಕಿಂತ ತುಸು ಹೆಚ್ಚು. ಅದೇ ಗಾಳಿಯಲ್ಲಿ ಗಂಟೆಗೆ 250 ಕಿ.ಮೀ. ವೇಗದಲ್ಲಿ ಬರುವ ದೊಡ್ಡ ವಿಮಾನಕ್ಕೆ ಆರೇಳು ಡಿಗ್ರಿ ಸಾಕು, ಅಂದರೆ ಗಡಿಯಾರದ ಒಂದು ನಿಮಿಷ. ಗಾಳಿ ಒಂದೇ, ಕಷ್ಟ ಮಾತ್ರ ಸಣ್ಣ ವಿಮಾನಕ್ಕೆ ಎರಡರಷ್ಟು. ಸಾಲದ್ದಕ್ಕೆ ಸೆಸ್ನಾ ತುಂಬಿದಾಗಲೂ ಒಂದು ಟನ್‌ಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ, ಅಷ್ಟೇ. ನೂರೈವತ್ತು ಜನ ಕೂರುವ ವಿಮಾನ ಇಳಿಯುವಾಗ ಸುಮಾರು 60 ಟನ್ ಇರುತ್ತದೆ. ತರಗೆಲೆಯನ್ನು ಎತ್ತಿ ಎಸೆಯುವ ಗಾಳಿ ತೆಂಗಿನ ಕಾಯಿಯನ್ನು ಅಲ್ಲಾಡಿಸುವುದೂ ಇಲ್ಲವಲ್ಲ.

ಮೂತಿಯನ್ನು ಓರೆ ಮಾಡದಿದ್ದರೆ? ಗಂಟೆಗೆ 28 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು ಎಂಟು ಮೀಟರ್. ರನ್‌ವೇಯ ಅಗಲ 30 ಮೀಟರ್ ಎಂದುಕೊಳ್ಳಿ. ನಡುವಿನಿಂದ ಅಂಚಿಗೆ 15 ಮೀಟರ್. ಎರಡೇ ಸೆಕೆಂಡಿನಲ್ಲಿ ವಿಮಾನ ರನ್‌ವೇಯಿಂದ ಆಚೆ!

ನೆಲ ಮುಟ್ಟುವ ಗಳಿಗೆ

ಓರೆಯಾಗಿ ಹಾರುವುದೇನೋ ಸರಿ, ಓರೆಯಾಗಿ ಇಳಿಯುವಂತಿಲ್ಲ. ಚಕ್ರಗಳು ಮುಂದಕ್ಕೆ ಉರುಳುತ್ತವೆಯೇ ಹೊರತು ಪಕ್ಕಕ್ಕಲ್ಲ. ಆದ್ದರಿಂದ ನೆಲ ಮುಟ್ಟುವ ಮುನ್ನ ಪೈಲಟ್ ಮೂತಿಯನ್ನು ರನ್‌ವೇಗೆ ನೇರ ಮಾಡಬೇಕು. ನೇರ ಮಾಡಿದ ಕೂಡಲೇ ಗಾಳಿ ವಿಮಾನವನ್ನು ಪಕ್ಕಕ್ಕೆ ತಳ್ಳತೊಡಗುತ್ತದೆ. ಅದನ್ನು ತಡೆಯಲು ಗಾಳಿ ಬರುವ ಕಡೆಯ ರೆಕ್ಕೆಯನ್ನು ಸ್ವಲ್ಪ ತಗ್ಗಿಸಬೇಕು. ಜೋರು ಮಳೆಗಾಳಿಯಲ್ಲಿ ನಡೆಯುವಾಗ ನೀವು ಗಾಳಿಯ ಕಡೆಗೆ ವಾಲುತ್ತೀರಲ್ಲ, ಹಾಗೆ. ಜೊತೆಗೆ ಕಾಲಿನಿಂದ ಚುಕ್ಕಾಣಿ ಒತ್ತಿ ಮೂತಿ ತಿರುಗದಂತೆ ಹಿಡಿಯಬೇಕು. ಹೀಗೆ ಬಂದಾಗ ವಿಮಾನ ಮೊದಲು ಗಾಳಿಯ ಕಡೆಯ ಒಂದೇ ಚಕ್ರದ ಮೇಲೆ ಇಳಿಯುತ್ತದೆ, ಆಮೇಲೆ ಇನ್ನೊಂದರ ಮೇಲೆ. ನೋಡುವವರಿಗೆ ‘ಅಯ್ಯೋ, ಬಿತ್ತು’ ಅನ್ನಿಸುತ್ತದೆ. ಆದರೆ ಅಡ್ಡಗಾಳಿಯಲ್ಲಿ ಸರಿಯಾದ ಇಳಿತ ಇದೇ. ಇದಿಷ್ಟೂ ಕೆಲವೇ ಸೆಕೆಂಡುಗಳ ಕೆಲಸ. ಎರಡು ಕೈ, ಎರಡು ಕಾಲು, ಎರಡು ಕಣ್ಣು ಎಲ್ಲಕ್ಕೂ ಒಟ್ಟಿಗೆ ದುಡಿಮೆ.

ಅಪಘಾತ ಆಗುವುದು ಬಹುಪಾಲು ಈ ಸೆಕೆಂಡುಗಳಲ್ಲಿ ಅಥವಾ ಇದಾದ ಮರುಗಳಿಗೆಯಲ್ಲಿ. ಚಕ್ರ ಓರೆಯಾಗಿ ನೆಲಕ್ಕೆ ತಾಗಿದರೆ ಪಕ್ಕದಿಂದ ಬಲವಾದ ಒದೆ ಬೀಳುತ್ತದೆ. ಚಕ್ರದ ಕಾಲು ಮುರಿಯಬಹುದು, ವಿಮಾನ ಗರ್ರನೆ ತಿರುಗಿ ರೆಕ್ಕೆ ನೆಲಕ್ಕೆ ಬಡಿಯಬಹುದು. ಹಿಂದಿನ ಕಾಲದ ಎಷ್ಟೋ ವಿಮಾನಗಳಿಗೆ ಎರಡು ಚಕ್ರ ಮುಂದೆ, ಪುಟ್ಟದೊಂದು ಚಕ್ರ ಬಾಲದ ಕೆಳಗೆ ಇರುತ್ತಿತ್ತು. ಅವುಗಳಲ್ಲಿ ಈ ಕಾಟ ಇನ್ನೂ ಹೆಚ್ಚು. ಕಾರಣ ಸರಳ. ಗಾಡಿಯ ಮೂಕಿ ಹಿಡಿದು ಮುಂದಕ್ಕೆ ಎಳೆಯಿರಿ, ನೆಟ್ಟಗೆ ಬರುತ್ತದೆ. ಅದೇ ಮೂಕಿ ಹಿಡಿದು ಹಿಂದಕ್ಕೆ ತಳ್ಳಿ, ಎತ್ತಲೋ ತಿರುಗುತ್ತದೆ. ಬಾಲಚಕ್ರದ ವಿಮಾನದಲ್ಲಿ ಭಾರವೆಲ್ಲ ಮುಖ್ಯ ಚಕ್ರಗಳ ಹಿಂದಿರುತ್ತದೆ. ಸ್ವಲ್ಪ ಓರೆಯಾದರೆ ಆ ಭಾರ ಹಿಂದಿನಿಂದ ತಳ್ಳಿ ಓರೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ವಿಮಾನ ನೆಲದ ಮೇಲೆ ಗಿರಕಿ ಹೊಡೆಯುತ್ತದೆ. ಈಗಿನ ಸಣ್ಣ ವಿಮಾನಗಳಲ್ಲಿ ಹೆಚ್ಚಿನವಕ್ಕೆ ಒಂದು ಚಕ್ರ ಮೂತಿಯ ಕೆಳಗಿರುತ್ತದೆ. ಭಾರ ಮುಖ್ಯ ಚಕ್ರಗಳ ಮುಂದಿರುವುದರಿಂದ ಅವು ತಾವಾಗಿಯೇ ನೆಟ್ಟಗಾಗಲು ನೋಡುತ್ತವೆ.

ನೆಲ ಮುಟ್ಟಿದ ಮೇಲೆ ‘ಬಚಾವಾದೆ’ ಎಂದು ಕೈ ಸಡಿಲ ಬಿಡುವವರೂ ಇದ್ದಾರೆ. ಅಲ್ಲೇ ಇರುವುದು ಮೋಸ. ವಿಮಾನ ನಿಧಾನವಾದಂತೆ ಚುಕ್ಕಾಣಿಗೆ ತಾಗುವ ಎದುರಿನ ಗಾಳಿ ಕಡಿಮೆಯಾಗುತ್ತದೆ, ಅದರ ಹಿಡಿತವೂ ಕಡಿಮೆಯಾಗುತ್ತದೆ. ಅಡ್ಡಗಾಳಿ ಮಾತ್ರ ಇದ್ದಂತೆಯೇ ಇರುತ್ತದೆ. ಬಾಲದ ಮೇಲೆ ನಿಂತಿರುವ ದೊಡ್ಡ ಹಲಗೆಯನ್ನು ಅದು ಒತ್ತಿ, ಮೂತಿಯನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುತ್ತದೆ. ಗಾಳಿಕೋಳಿ ತಿರುಗುವುದೂ ಹೀಗೆಯೇ. ಅದಕ್ಕೇ ವಿಮಾನವನ್ನು ಹಗ್ಗದಿಂದ ಕಟ್ಟಿ ನಿಲ್ಲಿಸುವ ತನಕ ಹಾರಾಟ ಮುಗಿದಿಲ್ಲವೆಂದು ಗುರುಗಳು ಶಿಷ್ಯರಿಗೆ ಹೇಳಿಕೊಡುತ್ತಾರೆ. ರೈಟ್ ಸಹೋದರರಿಗೆ ಈ ಪಾಠ ಮೊದಲ ದಿನವೇ ಆಯಿತಲ್ಲವೇ?

ಸಣ್ಣ ವಿಮಾನಗಳ ಅಪಘಾತಗಳನ್ನು ಅಮೆರಿಕದಲ್ಲಿ ಬಹಳ ವರ್ಷಗಳಿಂದ ಲೆಕ್ಕವಿಟ್ಟು ನೋಡುತ್ತಿದ್ದಾರೆ. ಪೈಲಟ್ ತಪ್ಪಿನಿಂದಾಗುವ ಅಪಘಾತಗಳಲ್ಲಿ ಇಳಿಯುವಾಗ ಆಗುವವೇ ಎಲ್ಲಕ್ಕಿಂತ ಹೆಚ್ಚು. ಸಮಾಧಾನದ ಸಂಗತಿ ಎಂದರೆ ಅವುಗಳಲ್ಲಿ ಜೀವ ಹೋಗುವುದು ಕಡಿಮೆ. ವೇಗ ಕಡಿಮೆ ಇರುತ್ತದೆ, ನೆಲ ಹತ್ತಿರವಿರುತ್ತದೆ. ರೆಕ್ಕೆ ಮುರಿಯುತ್ತದೆ, ಪ್ರೊಪೆಲ್ಲರ್ ಡೊಂಕಾಗುತ್ತದೆ. ಆದರೂ ಒಮ್ಮೊಮ್ಮೆ ವಿಮಾನ ಮಗುಚಿ ಬೆಂಕಿ ಹತ್ತಿಕೊಳ್ಳುವುದುಂಟು. ಆಗ ಅದು ಸಣ್ಣ ಅಪಘಾತವಾಗಿ ಉಳಿಯುವುದಿಲ್ಲ.

ಯಂತ್ರಕ್ಕೆ ಬುದ್ಧಿ ಕಲಿಸಲು ನೋಡಿದವರು

ಈ ತೊಂದರೆಯನ್ನು ಯಂತ್ರದಲ್ಲೇ ಸರಿಪಡಿಸಲು ಎಂಜಿನಿಯರುಗಳು ಹಿಂದಿನಿಂದಲೂ ಪ್ರಯತ್ನಿಸಿದ್ದಾರೆ. 1909ರ ಜುಲೈ 25ರಂದು ಫ್ರಾನ್ಸಿನ ಲೂಯಿ ಬ್ಲೇರಿಯೊ ಇಂಗ್ಲಿಷ್ ಕಾಲುವೆಯನ್ನು ವಿಮಾನದಲ್ಲಿ ದಾಟಿದರು. ಅವರ ವಿಮಾನದ ಚಕ್ರಗಳು ಬೇಕಾದ ಕಡೆಗೆ ತಿರುಗಿಕೊಳ್ಳುವಂತಿದ್ದವು, ನಮ್ಮ ಉರುಳು ಕುರ್ಚಿಯ ಚಕ್ರಗಳಂತೆ. ಆದರೂ ಡೋವರ್ ಕೋಟೆಯ ಬಳಿ ಬೀಸುತ್ತಿದ್ದ ಬಿರುಸು ಗಾಳಿಯಲ್ಲಿ ಇಳಿಯುವಾಗ ಚಕ್ರದ ಚೌಕಟ್ಟು ಜಖಂಗೊಂಡಿತು, ಪ್ರೊಪೆಲ್ಲರ್ ಮುರಿಯಿತು. ಸಮುದ್ರ ದಾಟಿದ ವೀರನಿಗೆ ಕೊನೆಯ ಹತ್ತು ಅಡಿಯೇ ಕಷ್ಟವಾಯಿತು!

1937ರಲ್ಲಿ ಮೊದಲು ಹಾರಿದ ಅಮೆರಿಕದ ಎರ್‌ಕೂಪ್ ಎಂಬ ಪುಟ್ಟ ವಿಮಾನಕ್ಕೆ ಕಾಲಿನ ಚುಕ್ಕಾಣಿಯೇ ಇರಲಿಲ್ಲ. ಓರೆಯಾಗಿಯೇ ಇಳಿದು, ಚಕ್ರಗಳೇ ಅದನ್ನು ನೆಟ್ಟಗೆ ಮಾಡಲಿ ಎಂಬ ಉಪಾಯ. ಬಿ-52 ಎಂಬ ದೈತ್ಯ ಯುದ್ಧವಿಮಾನದ ಚಕ್ರಗಳನ್ನು ಇಳಿಯುವ ಮೊದಲೇ ಪಕ್ಕಕ್ಕೆ ತಿರುಗಿಸಿಡಬಹುದು. ಮೂತಿ ಒಂದು ಕಡೆ ಇದ್ದರೂ ಚಕ್ರಗಳು ರನ್‌ವೇಗೆ ನೇರವಾಗಿರುತ್ತವೆ. ಇವೆಲ್ಲ ಜಾಣ ಉಪಾಯಗಳೇ. ಆದರೆ ಈ ಗಾಳಿಯಲ್ಲಿ ಇಳಿಯಬೇಕೋ ಬೇಡವೋ ಎಂದು ಹೇಳುವ ಚಕ್ರವನ್ನು ಯಾರೂ ಮಾಡಿಲ್ಲ. ಅದನ್ನು ಹೇಳಬೇಕಾದವರು ಪೈಲಟ್.

‘ಗಾಳಿಯಿಂದ ಅಪಘಾತ’ ಎಂದರೆ ಸರಿಯೇ?

ಅಪಘಾತವಾದರೆ ‘ಗಾಳಿಗೆ ಸಿಕ್ಕಿ ವಿಮಾನ ಉರುಳಿತು’ ಎಂದು ಓದುತ್ತೇವೆ. ನನಗೆ ಈ ವಾಕ್ಯ ಅರ್ಧ ಸತ್ಯವೆನಿಸುತ್ತದೆ. ಗಾಳಿ ಅಡಗಿ ಕುಳಿತು ಮೇಲೆ ಬೀಳುವುದಿಲ್ಲ. ರನ್‌ವೇ ಪಕ್ಕದ ಕಂಬದಲ್ಲಿ ಬಟ್ಟೆಯ ಗಾಳಿಚೀಲ ತೂಗುತ್ತಿರುತ್ತದೆ. ಅದು ದಿಕ್ಕನ್ನೂ ಹೇಳುತ್ತದೆ, ವೇಗವನ್ನೂ ಹೇಳುತ್ತದೆ. ಅಮೆರಿಕದ ಅಳತೆಯ ಚೀಲವಾದರೆ ಗಂಟೆಗೆ 28 ಕಿ.ಮೀ. ಗಾಳಿಗೆ ಪೂರ್ತಿ ನೆಟ್ಟಗೆ ನಿಲ್ಲುತ್ತದೆ. ಗಾಳಿ ರನ್‌ವೇಗೆ 30 ಡಿಗ್ರಿ ಓರೆಯಾಗಿದ್ದರೆ ಅದರ ಅರ್ಧದಷ್ಟು ಅಡ್ಡಗಾಳಿ, 45 ಡಿಗ್ರಿ ಇದ್ದರೆ ಹತ್ತರಲ್ಲಿ ಏಳು ಪಾಲು, 60 ಡಿಗ್ರಿ ದಾಟಿದರೆ ಹೆಚ್ಚುಕಡಿಮೆ ಪೂರ್ತಿ. ಇದು ನೀವೂ ಮಾಡಬಹುದಾದ ಲೆಕ್ಕ.

ವಿಮಾನದ ಕೈಪಿಡಿಯಲ್ಲೂ ಒಂದು ಅಂಕೆ ಇರುತ್ತದೆ. ಸೆಸ್ನಾ 172ಕ್ಕೆ ಅದು 15 ನಾಟ್, ಅಂದರೆ ಅದೇ 28 ಕಿ.ಮೀ. ಆ ಅಂಕೆಯ ಅರ್ಥ ‘ಪರೀಕ್ಷೆಯ ದಿನ ಇಷ್ಟು ಅಡ್ಡಗಾಳಿಯಲ್ಲಿ ಇಳಿಸಿ ತೋರಿಸಲಾಗಿದೆ’ ಎಂದು. ಇಳಿಸಿ ತೋರಿಸಿದವರು ಪಳಗಿದ ಪೈಲಟ್. ನಿನ್ನೆ ಮೊನ್ನೆ ಕಲಿತವರಿಗೂ ಅದು ಸಾಧ್ಯ ಎಂದು ಕೈಪಿಡಿ ಹೇಳುವುದಿಲ್ಲ. ಜೊತೆಗೆ ಗಾಳಿ ಒಂದೇ ಸಮನೆ ಬೀಸುವುದೂ ಇಲ್ಲ. ಅದರ ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಹೀಗಿರುವಾಗ, ಕಣ್ಣೆದುರಿಗೆ ಗಾಳಿಚೀಲ ನೆಟ್ಟಗೆ ಅಡ್ಡ ನಿಂತಿದ್ದರೂ, ವಿಮಾನ ನಡುಗೆರೆಯಿಂದ ಸರಿಯುತ್ತಿದ್ದರೂ ‘ಹೇಗೋ ಇಳಿಸಿಬಿಡೋಣ’ ಎಂದರೆ ತಪ್ಪು ಗಾಳಿಯದೇ?

ಆ ಗಳಿಗೆಯಲ್ಲಿ ಪೈಲಟ್ ಮುಂದೆ ಇನ್ನೊಂದು ದಾರಿ ಯಾವಾಗಲೂ ತೆರೆದಿರುತ್ತದೆ. ಎಂಜಿನ್‌ಗೆ ಪೂರ್ತಿ ಶಕ್ತಿ ಕೊಟ್ಟು ಮತ್ತೆ ಮೇಲೇರುವುದು. ಇದನ್ನು ‘ಗೋ ಅರೌಂಡ್’ ಎನ್ನುತ್ತಾರೆ. ಇನ್ನೊಂದು ಸುತ್ತು ಬಂದು ಪ್ರಯತ್ನಿಸಬಹುದು. ಗಾಳಿ ಇಳಿಯುವವರೆಗೆ ಕಾಯಬಹುದು. ಬೇರೆ ದಿಕ್ಕಿನ ರನ್‌ವೇ ಇರುವ ಊರಿಗೆ ಹೋಗಬಹುದು. ಇದಕ್ಕೆಂದೇ ಹೆಚ್ಚುವರಿ ಇಂಧನ ಇರಬೇಕೆಂಬ ನಿಯಮವಿದೆ. ಅಮೆರಿಕದಲ್ಲಿ ಹಗಲು ಹಾರುವ ಸಣ್ಣ ವಿಮಾನ, ಸೇರಬೇಕಾದ ಜಾಗ ಸೇರಿದ ಮೇಲೂ ಇನ್ನೂ 30 ನಿಮಿಷ ಹಾರುವಷ್ಟು ಇಂಧನ ಇಟ್ಟುಕೊಂಡೇ ಹೊರಡಬೇಕು. ರನ್‌ವೇ ಕಟ್ಟಿದವರು 5 ಪಾಲು ಹೊತ್ತನ್ನು ಬಿಟ್ಟುಕೊಟ್ಟಿದ್ದಾರೆ, ನಿಯಮ ಮಾಡಿದವರು ಇಂಧನ ಇಡಲು ಹೇಳಿದ್ದಾರೆ. ಮರಳಿ ಮೇಲೇರುವ ದಾರಿಯನ್ನು ಎಲ್ಲರೂ ಸೇರಿ ಕಟ್ಟಿಟ್ಟಿರುವಾಗ ಅದನ್ನು ಬಳಸಿದವರು ಸೋತವರು ಹೇಗಾಗುತ್ತಾರೆ?

2008ರ ಮಾರ್ಚ್ 1ರ ಒಂದು ಘಟನೆ ಹೇಳುತ್ತೇನೆ. ಇದು ದೊಡ್ಡ ವಿಮಾನದ್ದು, ಆದರೂ ಇಲ್ಲಿಗೆ ಹೊಂದುತ್ತದೆ. ಜರ್ಮನಿಯಲ್ಲಿ ಎಮ್ಮಾ ಎಂಬ ಬಿರುಗಾಳಿ ಬೀಸುತ್ತಿತ್ತು. ಲುಫ್ತಾನ್ಸಾ ಕಂಪನಿಯ ಏರ್‌ಬಸ್ 320 ವಿಮಾನ 137 ಜನರನ್ನು ಹೊತ್ತು ಹ್ಯಾಂಬರ್ಗ್‌ನಲ್ಲಿ ಇಳಿಯಲು ಬಂತು. ಚಕ್ರ ನೆಲ ಮುಟ್ಟಿದ ಕ್ಷಣದಲ್ಲಿ ವಿಮಾನ ವಾಲಿ ಎಡರೆಕ್ಕೆಯ ತುದಿ ರನ್‌ವೇಗೆ ಉಜ್ಜಿತು! ಪೈಲಟ್‌ಗಳು ಅಲ್ಲಿಗೇ ಇಳಿಯುವುದನ್ನು ಕೈಬಿಟ್ಟು ಮೇಲೇರಿದರು. ಆಮೇಲೆ ಗಾಳಿಗೆ ಹೆಚ್ಚು ಎದುರಾಗಿದ್ದ ಇನ್ನೊಂದು ರನ್‌ವೇಯಲ್ಲಿ ಇಳಿದರು. ಯಾರಿಗೂ ಗಾಯವಾಗಲಿಲ್ಲ. ಆ ದೃಶ್ಯದ ವಿಡಿಯೋ ಜಗತ್ತೆಲ್ಲ ಓಡಾಡಿತು. ಜನ ಬೆರಗಾಗಿ ನೋಡಿದ್ದು ರೆಕ್ಕೆ ನೆಲಕ್ಕೆ ತಾಗಿದ ಆ ಕ್ಷಣವನ್ನು. ನಾನಾದರೆ ಅದರ ನಂತರದ್ದನ್ನು ನೋಡಿ ಎನ್ನುತ್ತೇನೆ. 137 ಜನರನ್ನು ಉಳಿಸಿದ್ದು ಮೇಲೇರಿದ್ದು, ಮತ್ತು ಬೇರೆ ರನ್‌ವೇ ಆರಿಸಿಕೊಂಡದ್ದು. ಆಮೇಲೆ ನಡೆದ ತನಿಖೆಯಲ್ಲಿ ಇನ್ನೊಂದು ಸಂಗತಿ ಹೊರಬಂತು. ‘ಇಳಿಸಿ ತೋರಿಸಿದ ಅಡ್ಡಗಾಳಿ’ ಎಂಬ ಕೈಪಿಡಿಯ ಮಾತನ್ನು ಒಬ್ಬೊಬ್ಬ ಪೈಲಟ್ ಒಂದೊಂದು ರೀತಿ ಅರ್ಥ ಮಾಡಿಕೊಂಡಿದ್ದರಂತೆ. ದೊಡ್ಡವರಿಗೂ ಪದಗಳ ಅರ್ಥ ಸ್ಪಷ್ಟವಾಗಿರಬೇಕು, ನೋಡಿ.

ನಮ್ಮ ಮಂಗಳೂರಿನ ಘಟನೆಯನ್ನು ನಿಮ್ಮ ಮನೆಯ ದೊಡ್ಡವರು ಮರೆತಿರಲಾರರು. 2010ರ ಮೇ 22ರಂದು ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಸತ್ತರು, ಎಂಟು ಜನ ಮಾತ್ರ ಉಳಿದರು. ಅಂದು ಗಾಳಿಯ ಕಾಟವೇನೂ ಇರಲಿಲ್ಲ. ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿತ್ತು, ವೇಗವಾಗಿತ್ತು. ಸಹ ಪೈಲಟ್ ‘ಗೋ ಅರೌಂಡ್’ ಎಂದು ಮೂರು ಸಲ ಹೇಳಿದ್ದರು ಎಂದು ತನಿಖಾ ವರದಿ ತಿಳಿಸಿದೆ. ಮುಖ್ಯ ಪೈಲಟ್ ಇಳಿಯುವುದನ್ನು ಕೈಬಿಡಲಿಲ್ಲ. ಗಾಳಿ ಇರಲಿ ಇಲ್ಲದಿರಲಿ, ಹಟದ ಬೆಲೆ ಎಷ್ಟೆಂದು ತೋರಿಸಲು ಇದಕ್ಕಿಂತ ನೋವಿನ ಉದಾಹರಣೆ ನನಗೆ ಗೊತ್ತಿಲ್ಲ.

ಮರಳಿ ಮೇಲೇರುವುದು ಇಷ್ಟು ಸುಲಭವಾದರೆ ಏಕೆ ಮಾಡುವುದಿಲ್ಲ? ಫ್ಲೈಟ್ ಸೇಫ್ಟಿ ಫೌಂಡೇಶನ್ ಎಂಬ ಸಂಸ್ಥೆ ಇದನ್ನು ಅಧ್ಯಯನ ಮಾಡಿತು. ಪ್ರಯಾಣಿಕರ ವಿಮಾನಗಳಲ್ಲಿ ಎತ್ತರ, ವೇಗ ಸರಿಯಿಲ್ಲದೆ ಇಳಿಯಲು ಬರುವ ಸಂದರ್ಭಗಳು 100 ಇದ್ದರೆ, ಸುಮಾರು ಮೂರರಲ್ಲಿ ಮಾತ್ರ ಪೈಲಟ್‌ಗಳು ಮೇಲೇರುತ್ತಾರೆ ಎಂದು ಕಂಡುಬಂತು. ಉಳಿದವರು ಇಳಿದೇ ಬಿಡುತ್ತಾರೆ. ಬಹಳಷ್ಟು ಸಲ ಏನೂ ಆಗುವುದಿಲ್ಲ, ಅದರಿಂದಲೇ ಮುಂದಿನ ಸಲವೂ ಏನೂ ಆಗದು ಎಂಬ ನಂಬಿಕೆ ಬೆಳೆಯುತ್ತದೆ. ಜೊತೆಗೆ ನಾಚಿಕೆ. ಸಣ್ಣ ವಿಮಾನದಲ್ಲಿ ಪಕ್ಕದಲ್ಲೇ ಗೆಳೆಯರು ಕೂತಿರುತ್ತಾರೆ, ಕೆಳಗೆ ನೋಡುವವರಿರುತ್ತಾರೆ. ಅವರು ಏನೆಂದುಕೊಂಡಾರು ಎಂಬ ಯೋಚನೆ.

‘ಹೀಗೆ ಹೆದರಿ ಮರಳುತ್ತಿದ್ದರೆ ಅಡ್ಡಗಾಳಿಯಲ್ಲಿ ಇಳಿಯಲು ಕಲಿಯುವುದು ಯಾವಾಗ?’ ಎಂದು ಯಾರಾದರೂ ಕೇಳಬಹುದು. ಒಳ್ಳೆಯ ಪ್ರಶ್ನೆ. ಕಲಿಯಲೇಬೇಕು. ಗುರುಗಳು ಪಕ್ಕದಲ್ಲಿರುವಾಗ, ಮೊದಲು ಮೆಲ್ಲಗಿನ ಗಾಳಿಯಲ್ಲಿ, ಆಮೇಲೆ ಸ್ವಲ್ಪ ಸ್ವಲ್ಪವೇ ಹೆಚ್ಚಿನದರಲ್ಲಿ. ಈಜು ಕಲಿಯುವವರು ತುಂಬಿದ ಹೊಳೆಗೆ ಮೊದಲ ದಿನವೇ ಇಳಿಯುವುದಿಲ್ಲವಲ್ಲ. ಮೇಲೇರುವುದನ್ನೂ ಇಳಿಯುವುದರಷ್ಟೇ ಅಭ್ಯಾಸ ಮಾಡಬೇಕು. ಏಕೆಂದರೆ ಅದರಲ್ಲೂ ಅಪಾಯವಿದೆ. ತೀರಾ ತಡವಾಗಿ, ವೇಗ ಕಳೆದುಕೊಂಡ ಮೇಲೆ ಒಮ್ಮೆಲೇ ಮೂತಿ ಎತ್ತಿದರೆ ಸಣ್ಣ ವಿಮಾನ ಕುಸಿದು ಬೀಳಬಹುದು. ಹಾಗೆ ಬಿದ್ದ ವಿಮಾನಗಳೂ ಇವೆ. ನಿರ್ಧಾರ ಬೇಗ ಆಗಬೇಕು. ನಾಚಿಕೆ ಕಡಿಮೆ ಇದ್ದಷ್ಟೂ ಅದು ಬೇಗ ಆಗುತ್ತದೆ. ಮೇಲೇರಿದ ಪೈಲಟ್‌ಗಳನ್ನು ‘ಏಕೆ ಇಳಿಯಲಿಲ್ಲ’ ಎಂದು ತಪ್ಪಿತಸ್ಥರಂತೆ ಪ್ರಶ್ನಿಸುವುದಿಲ್ಲ ಎಂದು ಅನೇಕ ವಿಮಾನ ಕಂಪನಿಗಳು ನಿಯಮ ಮಾಡಿಕೊಂಡಿರುವುದು ಇದೇ ಕಾರಣಕ್ಕೆ. ಹಾರಾಟ ಕಲಿಸುವ ಶಾಲೆಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸರಿಯಾದ ಹೊತ್ತಿಗೆ ಮೇಲೇರಿದ ವಿದ್ಯಾರ್ಥಿಗೆ ಎಲ್ಲರೆದುರು ಶಹಬ್ಬಾಸ್ ಹೇಳಬೇಕೆಂದು ನನ್ನ ಆಸೆ.

ನಿಮ್ಮಲ್ಲಿ ಕೆಲವರು ಮುಂದೆ ವಿಮಾನ ನಡೆಸಬಹುದು, ಇನ್ನು ಕೆಲವರು ವಿಮಾನ ನಿಲ್ದಾಣ ಕಟ್ಟಬಹುದು. ಅದಕ್ಕೆ ಈಗಲೇ ಒಂದು ಕೆಲಸ ಶುರು ಮಾಡಿ. ಹಳೆಯ ಅಂಗಿಯ ತೋಳನ್ನು ಕತ್ತರಿಸಿ, ಅಗಲದ ಬಾಯಿಗೆ ತಂತಿಯ ಬಳೆ ಹಾಕಿ, ಶಾಲೆಯ ಮೈದಾನದ ಕಂಬಕ್ಕೆ ಸುಲಭವಾಗಿ ತಿರುಗುವಂತೆ ಕಟ್ಟಿ. ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೊಮ್ಮೆ, ಸಂಜೆ ಗಂಟೆ ಹೊಡೆದಾಗೊಮ್ಮೆ ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ಬರೆದಿಡಿ. ಚೀಲ ಜೋತುಬಿದ್ದಿತ್ತೇ, ಅರ್ಧ ಎದ್ದಿತ್ತೇ, ನೆಟ್ಟಗೆ ನಿಂತಿತ್ತೇ ಎಂದೂ ಬರೆಯಿರಿ. ಜೂನ್‌ನಿಂದ ಫೆಬ್ರವರಿಯವರೆಗೆ ಬರೆದರೆ ಮುಂಗಾರು, ಹಿಂಗಾರು, ಚಳಿಗಾಲ ಮೂರೂ ಸಿಗುತ್ತವೆ. ಆಮೇಲೆ ನಿಮ್ಮ ಊರಿಗೆ ಒಂದೇ ಒಂದು ರನ್‌ವೇ ಹಾಕುವುದಾದರೆ ಯಾವ ದಿಕ್ಕಿಗೆ ಹಾಕುವಿರಿ, ಅದರ ಎರಡು ತುದಿಗಳಿಗೆ ಯಾವ ಅಂಕೆ ಬರೆಯುವಿರಿ, ಮತ್ತು ಯಾವ ದಿನಗಳಲ್ಲಿ ಸಣ್ಣ ವಿಮಾನಗಳಿಗೆ ‘ಇವತ್ತು ಇಲ್ಲಿ ಬೇಡ, ಬೇರೆ ಊರಿಗೆ ಹೋಗಿ’ ಎಂದು ಹೇಳುವಿರಿ ಎಂದು ಲೆಕ್ಕ ಹಾಕಿ ನಿಮ್ಮ ವಿಜ್ಞಾನದ ಮೇಷ್ಟ್ರಿಗೆ ತೋರಿಸಿ.